ದಾರಿಂಕಾ ಅಕ್ಕನ ಖಾಲಿ ತಟ್ಟೆ

ನನ್ನ ಅಕ್ಕ ದಾರಿಂಕಾ ಊಟ ಮಾಡುವುದನ್ನು ನೋಡಲೆಂದೇ ಜನ ಅವಳ ಎದುರಿಗೆ ಬಂದು ಕೂರುತ್ತಿದ್ದ ಕಾಲವೊಂದಿತ್ತು. ಉತ್ಪ್ರೇಕ್ಷೆಯಲ್ಲ. ಮದುವೆ, ನಾಮಕರಣ, ಮನೆದೇವರ ಹಬ್ಬ, ಎಲ್ಲೇ ಆಗಲಿ, ಹಸಿವಿಲ್ಲ ಎಂದು ಮುಖ ಸಿಂಡರಿಸುವ ಮುದುಕರನ್ನು ತಂದು ಅವಳ ಎದುರು ಕೂರಿಸಿದರೆ ಅವರೂ ಎರಡು ತುತ್ತು ಹೆಚ್ಚಾಗಿ ತಿನ್ನುತ್ತಿದ್ದರು. ಹಾಗಂತ ಅವಳು ಗಬಗಬ ತಿನ್ನುವವಳಲ್ಲ. ನಿಧಾನವಾಗಿ, ಪ್ರೀತಿಯಿಂದ, ಬೇಯಿಸಿದವರ ಕೈಗೆ ಮರ್ಯಾದೆ ಕೊಟ್ಟು ತಿನ್ನುವವಳು. ಮೂವತ್ತು ವರ್ಷದಿಂದ ನಮ್ಮ ಚುಪ್ರಿಯಾ ಊರಿನ ಶಿಶುವಿಹಾರದಲ್ಲಿ ನೂರಿಪ್ಪತ್ತು ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಿರುವವಳಿಗೆ ಊಟದ ಮರ್ಯಾದೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಈ ವರ್ಷ ಜೂನ್ ತಿಂಗಳಲ್ಲಿ ಅವಳ ತೂಕ ನೂರಾ ಎಂಟು ಕಿಲೋ ಇತ್ತು.

ನನ್ನದು ಅರವತ್ತೊಂದು. ಅದರಲ್ಲಿ ನಾನೆಷ್ಟು, ನೀರೆಷ್ಟು ಎಂಬುದನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರ ಹೇಳುತ್ತದೆ. ನಾನು ತಿಹೊಮಿರ್, ಕಾರು ರಿಪೇರಿ ಮಾಡುತ್ತಿದ್ದವನು. ಮೂರು ವರ್ಷದ ಹಿಂದೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ದಿನಕ್ಕೆ ಅರ್ಧ ಲೀಟರ್ ನೀರು, ಉಪ್ಪು ಕಮ್ಮಿ, ಟೊಮ್ಯಾಟೊ ಬೇಡ, ಆಲೂಗಡ್ಡೆ ಬೇಡ, ಚೀಸ್ ಬೇಡ. ಈ ಬೇಸಿಗೆಯಲ್ಲಿ ಇನ್ನೊಂದು ಸುದ್ದಿ ಬಂತು. ಸೂಜಿ ಚುಚ್ಚಲು ಬೇಕಾದ ನನ್ನ ಕೈಯ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ, ಹೆಚ್ಚು ದಿನ ಹೀಗೆ ತಳ್ಳಲಾಗುವುದಿಲ್ಲ ಎಂದರು.

ಅದನ್ನು ಕೇಳಿದ ದಿನ ಅಕ್ಕ ನಮ್ಮ ಮನೆಗೆ ಬಂದಳು. ಕುರ್ಚಿ ಎಳೆದುಕೊಂಡು ಕೂತಳು. ಕುರ್ಚಿ ಕಿರ್ರೆಂದಿತು.

"ನಂದೊಂದು ತಗೊಳ್ಳೋ ತಿಹೊ. ಎರಡಿದೆಯಲ್ಲ," ಅಂದಳು.

ಪಕ್ಕದ ಮನೆಯವರಿಗೆ ಒಂದು ಹೆಚ್ಚುವರಿ ಬಾಣಲೆ ಕೊಡುವವರೂ ಇದಕ್ಕಿಂತ ಹೆಚ್ಚು ಯೋಚನೆ ಮಾಡಿಯಾರು. ಬೆಲ್ಗ್ರೇಡಿಗೆ ಹೋಗಿ ಪರೀಕ್ಷೆ ಮಾಡಿಸಿದೆವು. ರಕ್ತ ಹೊಂದಿತು, ಹೃದಯ ಗಟ್ಟಿ, ಸಕ್ಕರೆ ಇಲ್ಲ. ಅಡ್ಡ ಬಂದದ್ದು ತೂಕ ಒಂದೇ. ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ನವೆಂಬರ್ ಹತ್ತನೇ ತಾರೀಕು ಮಂಗಳವಾರ ಬನ್ನಿ, ತೊಂಬತ್ತು ಕಿಲೋಗಿಂತ ಕೆಳಗಿದ್ದರೆ ಮುಂದಿನ ಮಾತು, ಇಲ್ಲದಿದ್ದರೆ ಈ ಸಲದ ಪಟ್ಟಿಯಿಂದ ನಿಮ್ಮ ಹೆಸರು ಹೋಗುತ್ತದೆ, ಮತ್ತೆ ಯಾವಾಗ ಎಂದು ಹೇಳಲಾರೆವು.

ಹೊರಗೆ ಬಂದ ಮೇಲೆ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಯಾರಿಗೂ ಬಾಯಿ ಬಿಡಬೇಡ. ಅಮ್ಮನಿಗಂತೂ ಬೇಡವೇ ಬೇಡ. ಗೊತ್ತಾದ್ರೆ ನಿನಗೋಸ್ಕರಾನೂ ಅಳ್ತಾಳೆ, ನನಗೋಸ್ಕರಾನೂ ಅಳ್ತಾಳೆ, ಯಾರಿಗೋಸ್ಕರ ಮೊದಲು ಅಳಬೇಕು ಅಂತ ತಿಳೀದೆ ಮಲಗಿಬಿಡ್ತಾಳೆ. ಎಂಬತ್ತೆರಡು ವರ್ಷ ಆಗಿದೆ ಅವಳಿಗೆ. ತಕ್ಕಡಿ ಹೂಂ ಅನ್ನಲಿ, ಆಮೇಲೆ ನಾನೇ ಹೇಳ್ತೀನಿ."

ಆ ದಿನದಿಂದ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ತಲೆ ತಗ್ಗುತ್ತದೆ. ದಿನಾ ಬೆಳಗ್ಗೆ ಮೊರಾವಾ ನದಿಯ ಏರಿಯ ಮೇಲೆ ಆರು ಕಿಲೋಮೀಟರು ನಡೆಯುತ್ತಿದ್ದಳು. ಮಕ್ಕಳ ಸೂಪಿನ ಉಪ್ಪು ನೋಡಲು ನಾಲಗೆ ತುದಿಗೆ ಮುಟ್ಟಿಸಿ, ಸಿಂಕಿಗೆ ಹೋಗಿ ಉಗಿಯುತ್ತಿದ್ದಳು. ದಿನವಿಡೀ ಬೆಣ್ಣೆ ಹಿಟ್ಟಿನ ನಡುವೆ ನಿಂತು, ಮನೆಗೆ ಬಂದು ಬೇಯಿಸಿದ ಎಲೆಕೋಸು ತಿನ್ನುತ್ತಿದ್ದಳು. ಗಂಡ ಸತ್ತು ಆರು ವರ್ಷ. ಮಗಳು ದೂರದ ಊರಲ್ಲಿ. ಒಬ್ಬಳೇ ಅಡುಗೆಮನೆಯಲ್ಲಿ ಕೂತು, ಒಬ್ಬಳೇ ಹಸಿದಿದ್ದಳು. ಒಂದು ದಿನವೂ ನನ್ನ ಮುಂದೆ ಅದರ ಮಾತೆತ್ತಲಿಲ್ಲ. ಕಾರಿನ ಇಂಜಿನ್ ಬಿಚ್ಚಿ ಜೋಡಿಸುವುದೇ ದೊಡ್ಡ ಕೆಲಸ ಎಂದುಕೊಂಡಿದ್ದ ನನಗೆ, ಮನುಷ್ಯ ತನ್ನನ್ನೇ ಬಿಚ್ಚಿ ಜೋಡಿಸಬಲ್ಲ ಎಂದು ತೋರಿಸಿಕೊಟ್ಟವಳು ಅವಳು.

ಶನಿವಾರ ಬೆಳಗ್ಗೆ ಫೋನ್ ಮಾಡಿದಳು. ತೊಂಬತ್ತು ಕಿಲೋ ಆರುನೂರು ಗ್ರಾಂ.

"ಇನ್ನು ಆರುನೂರು ಗ್ರಾಂ ಕಣೋ. ಇವತ್ತು, ನಾಳೆ, ನಾಡಿದ್ದು. ಆದರೆ ನಾಳೆ ವೆಲಿಮಿರ್ ಮಾವನ ಸ್ಲಾವಾ ಇದೆಯಲ್ಲ," ಅಂದಳು.

ಸ್ಲಾವಾ ಎಂದರೆ ನಮ್ಮಲ್ಲಿ ಮನೆದೇವರ ಹಬ್ಬ. ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಸಂತ. ಮಾವ ಅಂದರೆ ಅಮ್ಮನ ತಮ್ಮ, ಅವರ ಮನೆಯದು ಸಂತ ದಿಮಿತ್ರಿ, ನವೆಂಬರ್ ಎಂಟು. ಅದಕ್ಕೆ ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ಬರುತ್ತಾರೆ, ಬರದಿದ್ದರೆ ಸತ್ತಿರಬೇಕು, ಇಲ್ಲವೇ ಮಾತು ಬಿಟ್ಟಿರಬೇಕು. ಬಂದವರು ತಿನ್ನಬೇಕು. ತಿನ್ನದೆ ಕೂತರೆ ಅದಕ್ಕೂ ಅದೇ ಅರ್ಥ. ಹಬ್ಬದ ದಿನ ಮನೆ ಯಜಮಾನ ಕೂರುವಂತಿಲ್ಲ, ಬೆಳಗಿನಿಂದ ಕೊನೆಯ ಅತಿಥಿ ಹೊರಡುವ ತನಕ ನಿಂತೇ ಉಪಚಾರ ಮಾಡಬೇಕು.

ಮಾವನ ಹೆಂಡತಿ ಲ್ಯುಬಿಂಕಾ ಅತ್ತೆಗೆ ಸೊಂಟದ ಎರಡೂ ಕೀಲು ಬದಲಾಯಿಸಿದ್ದರಿಂದ ಈ ವರ್ಷ ಮೊದಲ ಸಲ ಹಬ್ಬವನ್ನು ಮನೆಯಿಂದ ಊರಾಚೆಯ ಒಂದು ಹೋಟೆಲಿನ ಹಾಲ್‌ಗೆ ಸಾಗಿಸಿದ್ದರು. ಅಲ್ಲಿ ಬಫೆ ಊಟ. ಗೋಡೆಯಿಂದ ಗೋಡೆಗೆ ಉದ್ದನೆಯ ಮೇಜು, ಅವರವರೇ ಎದ್ದು ಹೋಗಿ ಬೇಕಾದ್ದು ಹಾಕಿಕೊಳ್ಳಬೇಕು. ನಾನೂ ಅಕ್ಕನೂ ಸಮಾಧಾನದ ಉಸಿರು ಬಿಟ್ಟಿದ್ದೆವು. ಬಡಿಸುವವರಿಲ್ಲ ಎಂದ ಮೇಲೆ ಯಾರು ಎಷ್ಟು ತಿಂದರು ಎಂದು ಯಾರು ನೋಡುತ್ತಾರೆ?

ಮಾವನ ವಿಷಯ ನಾವು ಮರೆತಿದ್ದೆವು. ಎಪ್ಪತ್ತೆಂಟು ವರ್ಷದ ಮನುಷ್ಯ, ಐವತ್ತು ವರ್ಷ ಕೈಯಾರೆ ಬಡಿಸಿದವರು. ಈಗ ಕೈಗೆ ಕೆಲಸವಿಲ್ಲ. ಹಾಗಾಗಿ ಬಿಳಿ ಅಂಗಿ, ಕರಿ ಕೋಟು ತೊಟ್ಟು ಬಫೆ ಮೇಜಿನ ಕೊನೆಯಲ್ಲಿ ಪೊಲೀಸಿನವರ ಹಾಗೆ ನಿಂತುಬಿಟ್ಟಿದ್ದರು. ಹೋಗುವ ಬರುವ ಪ್ರತಿಯೊಂದು ತಟ್ಟೆಯನ್ನೂ ಇಣುಕಿ ನೋಡುತ್ತಿದ್ದರು.

"ಇದೇನೋ ಇದು, ಹಕ್ಕಿಗೆ ಹಾಕ್ಕೊಂಡ ಹಾಗೆ? ಹಿಂದಕ್ಕೆ ಹೋಗು, ಇನ್ನೆರಡು ತುಂಡು ಹಾಕ್ಕೊಂಡು ಬಾ!" ಎಂದು ಒಬ್ಬ ಅಳಿಯನನ್ನು ಅಟ್ಟುತ್ತಿದ್ದರು.

ಬಾಗಿಲಲ್ಲಿ ಅತ್ತೆ ಜಿತೊ ಹಿಡಿದು ಕುರ್ಚಿಯ ಮೇಲೆ ಕೂತಿದ್ದಳು. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ ಪ್ರಸಾದ. ಒಳಗೆ ಬರುವವರು ಶಿಲುಬೆ ಗುರುತು ಹಾಕಿಕೊಂಡು ಒಂದು ಚಮಚ ತಿನ್ನಲೇಬೇಕು. ಅಕ್ಕ ಚಮಚದ ತುದಿಯಲ್ಲಿ ನಾಲ್ಕು ಕಾಳು ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ತುಂಬು ಚಮಚ ತೆಗೆದುಕೊಂಡು ಕಣ್ಣು ಮುಚ್ಚಿ ಅಗಿದಳು.

"ಅಕ್ಕ, ಸಕ್ಕರೆ," ಎಂದು ಪಿಸುಗುಟ್ಟಿದೆ.

"ದೇವರ ಪಾಲಲ್ಲಿ ಕಂಜೂಸಿ ಮಾಡಲ್ಲ ನಾನು. ಮಿಕ್ಕಿದ್ದರಲ್ಲಿ ಕಳೀತೀನಿ ಬಿಡು," ಅಂದಳು.

ಮಿಕ್ಕಿದ್ದೇನು ಸಾಮಾನ್ಯವೇ? ಬೆಂಕಿಯ ಮೇಲೆ ಇಡಿಯಾಗಿ ಸುಟ್ಟ ಹಂದಿಮರಿಗಳು, ಮೇಲಿನ ಚರ್ಮ ಹೊಂಬಣ್ಣಕ್ಕೆ ತಿರುಗಿ ಚಟಚಟ ಅನ್ನುತ್ತಿತ್ತು. ಹುಳಿ ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸಾರ್ಮಾ. ಹೊಗೆಯಾಡುವ ಜೋಳದ ರೊಟ್ಟಿ, ಅದರ ಮೇಲೆ ಕರಗುವ ಕೆನೆ. ಕೇಕುಗಳಿಗೇ ಬೇರೆ ಮೇಜು. ನಮ್ಮ ಅಮ್ಮ ಬಂದವಳೇ ಆ ಮೇಜಿನ ಪಕ್ಕದ ಕುರ್ಚಿ ಹಿಡಿದಿದ್ದಳು. ಅವಳಿಗೆ ಕಿವಿ ಮಂದ, ಕಣ್ಣು ಮಾತ್ರ ಚುರುಕು. ನಾನು ಸಪ್ಪೆ ಅನ್ನ, ಒಂದು ತುಂಡು ಕೋಳಿ ಹಾಕಿಕೊಂಡು ಮೂಲೆಯ ಮೇಜಿಗೆ ಬಂದೆ. ಭಾನುವಾರ ನನ್ನ ಪಾಲಿಗೆ ಕೆಟ್ಟ ದಿನ, ಎರಡು ದಿನದ ನೀರು ಮೈಯಲ್ಲೇ ಇರುತ್ತದೆ, ಶೂ ಬಿಗಿಯಾಗಿರುತ್ತದೆ.

ಅಕ್ಕನ ಜಾಣತನವನ್ನು ಆವತ್ತು ನೋಡಬೇಕಿತ್ತು. ಸಿಹಿ ತಿನ್ನಲಿಟ್ಟಿದ್ದ ಚಿಕ್ಕ ತಟ್ಟೆ ತೆಗೆದುಕೊಂಡಳು. ಒಂದು ಸಲ ಹೋದಳು, ಸೌತೆಕಾಯಿ ನಾಲ್ಕು ಹೋಳು ತಂದಳು. ಇನ್ನೊಂದು ಸಲ ಹೋದಳು, ಒಂದು ಬೇಯಿಸಿದ ಮೊಟ್ಟೆ ತಂದು ಅದರ ಹಳದಿ ನನ್ನ ತಟ್ಟೆಗೆ ತಳ್ಳಲು ಹೋಗಿ, ನನಗೂ ಅದು ಆಗದು ಎಂದು ನೆನಪಾಗಿ ಕರವಸ್ತ್ರದಲ್ಲಿ ಸುತ್ತಿಟ್ಟಳು. ಮತ್ತೆ ಹೋದಳು. ದೂರದಿಂದ ನೋಡಿದವರಿಗೆ, ಅಬ್ಬಾ, ದಾರಿಂಕಾ ಮೂರನೇ ಸಲ ಎದ್ದಳು ಅನ್ನಿಸಬೇಕು, ಹಾಗೆ. ಪ್ರತಿ ಪಾತ್ರೆಯ ಮುಂದೆ ನಿಂತು ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದಳು. ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು.

"ಸಾರ್ಮಾ ನಿನ್ನೇನೇ ಬೇಯಿಸಿದಾರೆ, ಒಳ್ಳೇದು, ಎರಡನೇ ದಿನಕ್ಕೇ ಅದರ ರುಚಿ. ಎಲೆ ತುದಿ ಎಷ್ಟು ಚೆನ್ನಾಗಿ ಮಡಚಿದಾರೆ ಗೊತ್ತಾ? ಯಾರೋ ವಯಸ್ಸಾದೋರ ಕೈ ಅದು. ರೊಟ್ಟಿಗೆ ಮಾತ್ರ ಸೋಡಾ ಜಾಸ್ತಿ ಹಾಕಿದಾನೆ ಕತ್ತೆ."

"ಅಕ್ಕ, ಸಾಕು ಮಾಡೇ. ನನ್ನ ಬಾಯಲ್ಲಿ ನೀರು ಬರ್ತಿದೆ. ಆ ನೀರೂ ಅರ್ಧ ಲೀಟರ್ ಲೆಕ್ಕಕ್ಕೇ ಸೇರುತ್ತೆ," ಅಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಊಟದ ನಡುವೆ ಇಬ್ಬರೇ ಉಪವಾಸಿಗಳು ನಾವು. ಅವಳಿಗೆ ಹಸಿವಾಗುತ್ತಿತ್ತು, ಅದು ನನಗೆ ಕಾಣುತ್ತಿತ್ತು. ಆದರೂ ಆ ಊಟವನ್ನು ಅವಳು ಬೈಯಲಿಲ್ಲ, ಅದಕ್ಕೆ ಬೆನ್ನು ಹಾಕಲಿಲ್ಲ. ನೋಡಿದಳು, ಮೂಸಿದಳು, ಮೆಚ್ಚಿದಳು, ಬಿಟ್ಟಳು.

ಮೊದಲು ಹಿಡಿದದ್ದು ಲ್ಯುಬಿಂಕಾ ಅತ್ತೆ. ಕೋಲು ಊರಿಕೊಂಡು ಬಂದು ನಮ್ಮ ಮೇಜಿನ ಮುಂದೆ ನಿಂತಳು.

"ದಾರಿಂಕಾ, ಏನೇ ಇದು? ನಾಲ್ಕು ಸಲ ಎದ್ದೆ, ತಟ್ಟೇಲಿ ಎಲುಬೊಂದೂ ಇಲ್ಲ."

"ಮಂಡಿ ನೋವು ಅತ್ತೆ. ಡಾಕ್ಟರು ತೂಕ ಇಳಿಸು ಅಂದಿದಾರೆ."

"ನನಗೆ ಎರಡು ಸೊಂಟ ಹಾಕಿದಾರೆ. ಒಂದು ಹೊತ್ತೂ ಊಟ ಬಿಟ್ಟಿಲ್ಲ ನಾನು. ಹಬ್ಬದ ದಿನ ಮಂಡಿಗೇನು ಗೊತ್ತಾಗುತ್ತೆ?" ಅತ್ತೆ ಕಣ್ಣು ಕಿರಿದು ಮಾಡಿ ಅಕ್ಕನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಆ ದೊಡ್ಡ ಪಾತ್ರೆ ವಿಷಯ ತಾನೆ? ನಾಳೇನೇ ಕಳಿಸ್ತೀನಿ ಮಾರಾಯ್ತಿ. ನಿಂದು ಅಂತ ಮರೆತೇಹೋಗಿತ್ತು."

"ಯಾವ ಪಾತ್ರೆ?"

"ಅಯ್ಯೋ ಬಿಡೇ, ಇಬ್ಬರಿಗೂ ಗೊತ್ತಿದೆ," ಎಂದು ಅತ್ತೆ ಹೊರಟೇಹೋದಳು.

ನಮಗೆ ನಗು. ಆದರೆ ಅತ್ತೆ ಹೋದ ದಾರಿಯಲ್ಲೆಲ್ಲ ತಲೆಗಳು ನಮ್ಮ ಕಡೆ ತಿರುಗಿದವು. ದಾರಿಂಕಾ ತಿನ್ನುತ್ತಿಲ್ಲ. ದಾರಿಂಕಾ! ಅಂದರೆ ಮುನಿಸಿಕೊಂಡಿದ್ದಾಳೆ. ಯಾರ ಮೇಲೆ? ಐದು ನಿಮಿಷ ಆಗಲಿಲ್ಲ, ಮಾವನ ಮಗಳು ನೆವೆಂಕಾ ಬಂದು, ಮಗನ ಮದುವೆಯಲ್ಲಿ ನಿನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದು ನಾನಲ್ಲ, ಬೀಗರ ಕಡೆಯವರು ಎಂದು ಕಣ್ಣೀರು ಹಾಕಿಕೊಂಡಳು. ಅಕ್ಕನಿಗೆ ತಾನು ಯಾವ ಸಾಲಿನಲ್ಲಿ ಕೂತಿದ್ದೆ ಎಂಬುದೂ ನೆನಪಿರಲಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡ ಹೆಂಗಸೊಬ್ಬಳು ಇಡೀ ಬಳಗದ ಮನಸ್ಸಾಕ್ಷಿಯನ್ನು ಕಲಕುತ್ತಿದ್ದಳು. ನನಗಂತೂ ಬಹಳ ಖುಷಿಯಾಗಿತ್ತು, ಮಾವ ನಮ್ಮ ಕಡೆ ಹೆಜ್ಜೆ ಹಾಕುವವರೆಗೆ.

ಮಾವನ ಎರಡೂ ಕೈಯಲ್ಲಿ ದೊಡ್ಡ ತಟ್ಟೆ. ಅದರಲ್ಲಿ ಹಂದಿಮರಿಯ ಪಕ್ಕೆಯ ಭಾಗ, ಎಲ್ಲಕ್ಕಿಂತ ಒಳ್ಳೆಯ ತುಂಡು, ಚರ್ಮ ಸಮೇತ. ಅದನ್ನು ಅಕ್ಕನ ಮುಂದಿಟ್ಟರು.

"ಮಗಳೇ, ತಿನ್ನು. ನೀನು ತಿಂದರೆ ನನ್ನ ಕ್ಷಮಿಸಿದೀಯ ಅಂತ ತಿಳ್ಕೋತೀನಿ."

"ಏನು ಕ್ಷಮಿಸೋದು ಮಾವ? ನೀನೇನು ಮಾಡಿದೀಯ?"

"ನನ್ನ ಬಾಯಿಂದಾನೇ ಹೇಳಿಸ್ತೀಯಲ್ಲ. ಆಗಲಿ, ತಪ್ಪು ನಂದು. ಹನ್ನೊಂದು ವರ್ಷ ಆಯ್ತು. ನಿಮ್ಮಪ್ಪನ್ನ ಮಣ್ಣು ಮಾಡಿ ಬಂದ ದಿನ, ಊಟದ ಮೇಜಲ್ಲಿ ನಾನಾಡಿದ ಮಾತು ನಿನ್ನ ಕಿವಿಗೆ ಯಾವ ಪಾಪಿ ಹಾಕಿದ್ನೋ. 'ಈ ಹುಡುಗಿ ಅತ್ತಿದ್ದಕ್ಕಿಂತ ತಿಂದಿದ್ದೇ ಜಾಸ್ತಿ' ಅಂದೆ. ಕುಡಿದಿದ್ದೆ ಮಗಳೇ. ಎಲ್ಲಾರೂ ನಕ್ಕರು. ನಕ್ಕರಲ್ಲ ಅಂತ ಇನ್ನೊಂದು ಸಲ ಅಂದೆ."

ಅಕ್ಕನಿಗೆ ಆ ಮಾತು ಯಾರೂ ಹೇಳಿರಲಿಲ್ಲ. ಆವತ್ತು ಅವಳು ಅಡುಗೆಮನೆಗೆ ಹೋಗಿದ್ದಾಗ ಆಡಿದ ಮಾತದು. ಹನ್ನೊಂದು ವರ್ಷ ಅದು ಅವಳನ್ನು ಮುಟ್ಟದೆ ಇತ್ತು. ಈಗ ಕ್ಷಮೆ ಕೇಳಲು ಬಂದವರೇ ತಂದು ಮುಂದಿಟ್ಟರು. ಅವಳ ಕತ್ತಿನಿಂದ ಕಿವಿಯವರೆಗೆ ಕೆಂಪೇರಿದ್ದನ್ನು ನೋಡಿದೆ. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಎಲ್ಲರೂ ಆ ತಟ್ಟೆಯನ್ನೇ ನೋಡುತ್ತಿದ್ದರು. ತಿಂದರೆ ಮುಗಿಯಿತು, ಇಷ್ಟು ದಿನದ ಹಸಿವು ಆ ಉಪ್ಪು ಕೊಬ್ಬಿನಲ್ಲಿ ಕೊಚ್ಚಿಹೋಗುತ್ತದೆ. ಒಂದು ತುತ್ತು ಇಟ್ಟರೆ ಅವಳಿಗೆ ನಿಲ್ಲಿಸಲಾಗುವುದಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ತಿನ್ನದಿದ್ದರೆ ಮನೆದೇವರಿಗೆ ಹಚ್ಚಿಟ್ಟ ಮೇಣದಬತ್ತಿಯ ಎದುರು, ಎಪ್ಪತ್ತೆಂಟು ವರ್ಷದ ಮುದುಕ ಕ್ಷಮೆ ಕೇಳಿದರೂ ಕೊಡಲಿಲ್ಲ ಎಂದಾಗುತ್ತದೆ. ಅದನ್ನು ನಮ್ಮಲ್ಲಿ ಸಾಯುವವರೆಗೆ ಯಾರೂ ಮರೆಯುವುದಿಲ್ಲ. ಇನ್ನು ತಡೆಯಲಾರೆ, ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳ ಕಾಲು ನನ್ನ ಊದಿದ ಪಾದವನ್ನು ಒತ್ತಿತು.

ಅಕ್ಕ ಎದ್ದು ನಿಂತಳು.

"ಕೂತ್ಕೋ ಮಾವ."

"ಸ್ಲಾವಾ ದಿನ ನಾನು ಕೂರೋ ಹಾಗಿಲ್ಲ."

"ಹಾಗಾದರೆ ನಿಂತೇ ಬಾಯಿ ತೆಗಿ."

ಮಾವ ಬೆಪ್ಪಾಗಿ ನೋಡಿದರು. ಅಕ್ಕ ಕೈಯಿಂದಲೇ ಆ ಗರಿಗರಿ ಚರ್ಮವನ್ನು ಮುರಿದು, ಒಂದು ತುಂಡು ಮಾಂಸ ಸೇರಿಸಿ, ಅವರ ಬಾಯಿಯ ಹತ್ತಿರ ಹಿಡಿದಳು.

"ತಪ್ಪು ಮಾಡಿದೋನು ತಿನ್ನಬೇಕು, ಕ್ಷಮಿಸಿದೋಳು ಬಡಿಸಬೇಕು. ನೀನು ತಿರುಗಾಮುರುಗಾ ಮಾಡಿಕೊಂಡು ಬಂದಿದೀಯ. ಮೂವತ್ತು ವರ್ಷದಿಂದ ಬಡಿಸೋಳು ನಾನು, ನನಗೆ ಹೇಳಿಕೊಡ್ತೀಯಾ? ಬೆಳಗ್ಗೆಯಿಂದ ಒಂದು ತುತ್ತು ತಿಂದಿಲ್ಲ ನೀನು, ನೋಡ್ತಾನೇ ಇದೀನಿ. ಆ ಅನ್ನು."

ಮಾವ ಆ ಅಂದರು. ಮಗುವಿನ ಹಾಗೆ ಆ ಅಂದರು. ಅಗಿಯುತ್ತಾ ಅವರ ಕಣ್ಣಲ್ಲಿ ನೀರು ಧಾರಾಕಾರ. ಅಕ್ಕ ಇನ್ನೊಂದು ತುತ್ತು ಇಟ್ಟಳು, ಮತ್ತೊಂದು ಇಟ್ಟಳು. ಇಡೀ ಹಾಲ್ ಹೋ ಎಂದು ನಕ್ಕು ಲೋಟಗಳನ್ನು ಎತ್ತಿತು. ದೂರದಲ್ಲಿ ಏನೂ ಕೇಳಿಸದ ಅಮ್ಮ, ತನ್ನ ತಮ್ಮನಿಗೆ ಮಗಳು ಉಣಿಸುವುದನ್ನು ನೋಡಿ ಬರಿಗೈಯಲ್ಲೇ ಕಣ್ಣು ಒರೆಸಿಕೊಂಡಳು. ಅಕ್ಕನ ಖಾಲಿ ತಟ್ಟೆಯ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ.

ಎಲ್ಲರೂ ಮಾವನನ್ನು ನೋಡುತ್ತಿದ್ದಾಗ ನಾನು ಅವಳ ಬೆರಳುಗಳನ್ನು ನೋಡುತ್ತಿದ್ದೆ. ಐದೂ ಬೆರಳು ಕೊಬ್ಬಿನಿಂದ ಮಿನುಗುತ್ತಿದ್ದವು. ಅವಳು ಕೂತಳು, ಕಾಗದದ ಕರವಸ್ತ್ರ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿದಳು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ನಾನಾಗಿದ್ದರೆ ನೆಕ್ಕಿಬಿಡುತ್ತಿದ್ದೆ. ಯಾರಾದರೂ ನೆಕ್ಕಿಬಿಡುತ್ತಿದ್ದರು. ಅಂಥ ಗಟ್ಟಿ ಮನುಷ್ಯರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ವಾಪಸು ಬರುವಾಗ ಅಮ್ಮನನ್ನು ಅವಳ ಮನೆಯಲ್ಲಿ ಇಳಿಸಿ, ಅಕ್ಕನನ್ನು ಬಿಡಲು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತು ತೆಗೆದಳು.

"ಮಾವನ ವಿಷಯ ಬಿಡು, ವಯಸ್ಸಾಗಿದೆ, ಹೇಳಿಕೊಂಡರು. ಎಲ್ಲಾರೂ ನಕ್ಕರು ಅಂದರಲ್ಲ. ಎಲ್ಲಾರೂ ಅಂದ್ರೆ ಯಾರ್ಯಾರು?"

ಸುಳ್ಳು ಹೇಳಬಹುದಿತ್ತು. ನಾನು ಹೊರಗಿದ್ದೆ ಅಂದಿದ್ದರೆ ನಂಬುತ್ತಿದ್ದಳು. ಮಂಗಳವಾರದ ತನಕವಾದರೂ ಸುಮ್ಮನಿರು ಎಂದು ನನ್ನ ಒಳಗೊಬ್ಬ ಹೇಳುತ್ತಿದ್ದ, ಜೀವದ ಆಸೆ ಅಷ್ಟು ಕೆಟ್ಟದ್ದು. ಆದರೆ ಅವಳ ಅಂಗವನ್ನು ಮೈಯಲ್ಲಿ ಇಟ್ಟುಕೊಂಡು ಆ ಸುಳ್ಳಿನ ಜೊತೆ ಹೇಗೆ ಬದುಕಲಿ?

"ನಾನೂ ನಕ್ಕೆ ಅಕ್ಕ. ಎಲ್ಲರಿಗಿಂತ ಜೋರಾಗಿ."

ಅವಳು ಕಿಟಕಿಯ ಕಡೆ ತಿರುಗಿದಳು.

"ನಾನು ಆವತ್ತು ಯಾಕೆ ತಿಂದೆ ಗೊತ್ತಾ ನಿನಗೆ?" ಅವಳ ದನಿ ಮೆಲ್ಲಗಿತ್ತು. "ಮನೆಯವರು ತುತ್ತು ಎತ್ತದೆ ಬಂದೋರು ಕೈ ಹಾಕಲ್ಲ. ಅರವತ್ತು ಜನ ಬೆಳಗ್ಗೆಯಿಂದ ಚಳೀಲಿ ನಿಂತು ಬಂದಿದ್ರು. ಅಮ್ಮ ಒಳಗೆ ಮಲಗಿದ್ಲು. ಮೊದಲು ನೀನು ಅಂಗಳದಲ್ಲಿ ಅಳ್ತಾ ಕೂತಿದ್ದೆ, ಕರೆದರೂ ಬರಲಿಲ್ಲ, ಎಲ್ಲಾರೂ ಊಟಕ್ಕೆ ಕೂತ ಮೇಲೆ ಬಂದೆ. ಮತ್ತೆ ಯಾರು ತಿನ್ನಬೇಕಿತ್ತು? ಗಂಟಲಲ್ಲಿ ಇಳೀತಿರಲಿಲ್ಲ ಕಣೋ. ನೀರು ಕುಡಿದು ಕುಡಿದು ತಳ್ಳಿದೆ. ಇಡೀ ತಟ್ಟೆ ಖಾಲಿ ಮಾಡಿದೆ, ಜನ ನೆಮ್ಮದಿಯಾಗಿ ತಿನ್ನಲಿ ಅಂತ."

ಅವಳ ಮನೆ ಬಂತು. ಇಳಿದಳು, ಕಾರಿನ ಬಾಗಿಲು ಜೋರಾಗಿಯೂ ಹಾಕಲಿಲ್ಲ, ಮೆಲ್ಲಗೂ ಹಾಕಲಿಲ್ಲ. ತಿರುಗಿ ನೋಡಲಿಲ್ಲ.

ಸೋಮವಾರ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಛಾವಣಿ ನೋಡಿದೆ. ಫೋನ್ ಎತ್ತಿಕೊಂಡೆ, ಇಟ್ಟೆ. ಏನೆಂದು ಕೇಳಲಿ? ತಪ್ಪಾಯಿತು ಅಂದರೂ ನಾಳೆಯ ಆಸೆಗೆ ಅಂದ ಹಾಗೆ ಕೇಳಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಅವಳು ಬರಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಅಲ್ಲೇ ಮಲಗಿದ್ದಂತೆಯೇ ಅತ್ತುಬಿಟ್ಟೆ. ನರ್ಸು ಬಂದು, ನೋವಾಯಿತೇ, ಸೂಜಿ ಸರಿ ಮಾಡಲೇ ಎಂದು ಕೇಳಿದಳು.

ಮಂಗಳವಾರ ಬೆಳಗಿನ ಬಸ್ಸು ಹತ್ತಿದಾಗ ಅವಳು ಆಗಲೇ ಕಿಟಕಿ ಪಕ್ಕ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಅವಳ ಚೀಲ ಇತ್ತು. ನಾನು ನಿಂತೆ. ಅವಳು ಚೀಲ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಬೆಲ್ಗ್ರೇಡಿನವರೆಗೂ ಅವಳ ತಲೆಯ ಹಿಂಭಾಗ ನೋಡುತ್ತಾ ಹೋದೆ.

ಆಸ್ಪತ್ರೆಯಲ್ಲಿ ತಕ್ಕಡಿಯ ಮುಂದೆ ಶೂ ಬಿಚ್ಚಿದಳು, ಕೋಟು ಬಿಚ್ಚಿದಳು. ಕಿವಿಯ ಓಲೆ, ಕತ್ತಿನ ಶಿಲುಬೆ ತೆಗೆದು ನನ್ನ ಅಂಗೈಗೆ ಹಾಕಿದಳು. ತಕ್ಕಡಿಯ ಮೇಲೆ ನಿಂತು ಅಂಕಿ ನೋಡದೆ ಎದುರಿನ ಗೋಡೆ ನೋಡಿದಳು. ಅಂಕಿ ಹತ್ತಿತು, ಇಳಿಯಿತು, ಅಲ್ಲಾಡಿತು.

"ಎಂಬತ್ತೊಂಬತ್ತು ಏಳುನೂರು," ಎಂದಳು ನರ್ಸು.

ಅಕ್ಕ ಇಳಿದು ನನ್ನ ಕಡೆ ಕೈ ಚಾಚಿದಳು, ಓಲೆ ವಾಪಸು ತೆಗೆದುಕೊಳ್ಳಲು. ನಾನು ಆ ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು.

ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು. ದಾನ ಕೊಡುವವರ ಹತ್ತಿರ ಒಂಟಿಯಾಗಿ ಮಾತಾಡಬೇಕಂತೆ, ಅದು ಅಲ್ಲಿಯ ನಿಯಮ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎದ್ದು ದೂರ ಹೋಗಬೇಕಿತ್ತು, ಹೋಗಲಿಲ್ಲ.

"ಯಾರಾದರೂ ಬಲವಂತ ಮಾಡಿದಾರಾ?"

"ನನ್ನನ್ನ ನೋಡಿದ್ರೆ ಬಲವಂತಕ್ಕೆ ಬಗ್ಗೋಳ ಹಾಗೆ ಕಾಣ್ತೀನಾ?"

"ಹಣ, ಆಸ್ತಿ, ಅಂಥದ್ದೇನಾದರೂ?"

"ಇಲ್ಲ."

"ನಿಮಗೂ ನಿಮ್ಮ ತಮ್ಮನಿಗೂ ಏನಾದರೂ ಮನಸ್ತಾಪ ಇದೆಯಾ? ಇದ್ದರೆ ಈಗಲೇ ಹೇಳಬೇಕು, ನಾವು ಬರ್ಕೋಬೇಕಾಗುತ್ತೆ."

ನಾನು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇದೆ," ಅಂದಳು ಅಕ್ಕ.

"ಇದೆಯಾ?"

"ಇದೆ. ದೊಡ್ಡದೇ ಇದೆ. ಬರ್ಕೊಳ್ಳಿ. ಅವನ ಜೊತೆ ನಾನು ಸರಿಯಾಗಿ ಜಗಳ ಆಡಬೇಕು. ವರ್ಷಗಟ್ಟಲೆ ಆಡೋ ಅಷ್ಟಿದೆ. ಅದಕ್ಕೆ ಅವನು ಬದುಕಿರಬೇಕಲ್ಲ ಡಾಕ್ಟ್ರೇ. ಎಲ್ಲಿ ಸಹಿ ಹಾಕಬೇಕು, ತೋರಿಸಿ."